ಹತ್ತು ಗಜದ ಸರಪಳಿ

ಗಂಡ ಎಮಿಲ್‌ನನ್ನು ಮಣ್ಣು ಮಾಡಿದ್ದು ಶನಿವಾರ. ಭಾನುವಾರ ಬೆಳಗ್ಗೆ ವಿಲ್ಮಾ ಹ್ರುಷ್ಕಾ ಎಂದಿನಂತೆ ಎದ್ದು, ಮೆಟ್ಟಿಲ ಮೇಲಿನ ಹಿಮ ಗೋರಿ ಹಾಕಿ, ಅಡುಗೆಮನೆಗೆ ಬಂದು ನಿಂತಳು. ಅಕ್ಕಪಕ್ಕದವರು ತಂದಿಟ್ಟ ಎಲೆಕೋಸಿನ ನೂಡಲ್ಸ್ ಒಂಬತ್ತು ಪಾತ್ರೆ ಇತ್ತು. ತಿನ್ನುವವಳು ಒಬ್ಬಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

“ವಿಲ್ಮಾ, ನಾನು ಡಟ್ಟನ್. ಈ ಹೊತ್ನಲ್ಲಿ ಕೇಳಬಾರದು, ಆದ್ರೆ ಕೇಳದೆ ವಿಧಿ ಇಲ್ಲ. ಚೈನ್ ಎಲ್ಲಿದ್ಯಮ್ಮ?”

ಓರ್ವಿಲ್ ಡಟ್ಟನ್ ಹೈಸ್ಕೂಲಿನ ಹೆಡ್‌ಮಾಸ್ಟರು. ಭಾನುವಾರ ಮಾತ್ರ ಲೋರ್ಮಿಲ್ ಹ್ಯಾಮರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಮೈದಾನದಲ್ಲಿ ಅಳತೆಯವರ ಮುಖ್ಯಸ್ಥರು. ಎಮಿಲ್ ಅವರ ಕೈಕೆಳಗೆ ಸರಪಳಿಯ ಒಂದು ತುದಿ ಹಿಡಿಯುತ್ತಿದ್ದ.

“ಯಾವ ಚೈನ್ ಸರ್?”

“ಹತ್ತು ಗಜದ್ದು ಕಣಮ್ಮ! ಸ್ಟೇಡಿಯಂ ಕೋಣೆ ಸೋರುತ್ತೆ, ತುಕ್ಕು ಹಿಡಿಯುತ್ತೆ, ನಮ್ಮನೇಲಿರ್ಲಿ ಅಂತ ಸೆಪ್ಟೆಂಬರ್‌ನಲ್ಲೇ ಎರವಲು ಒಯ್ದಿದ್ದ. ಪ್ರತಿ ಭಾನುವಾರ ತರ್ತಿದ್ದ. ಇವತ್ತು ಫೈನಲ್ಲು. ಒಂದು ಗಂಟೆಗೆ ಆಟ. ಕಾರ್ ಕಳಿಸ್ಲಾ?”

ವಿಲ್ಮಾ ನೆಲಮಾಳಿಗೆಯ ಬಾಗಿಲು ತೆರೆದು ಕೆಳಗೆ ನೋಡಿದಳು. ಆ ಮನೆಯಲ್ಲಿ ಇದ್ದದ್ದು ಒಂದೇ ಸರಪಳಿ. ಅದರ ಮೇಲೆ ಎಮಿಲ್‌ನ ನಾಲ್ಕು ಅಂಗಿ ಒಣಗುತ್ತಿದ್ದವು.

“ಬೇಡ ಸರ್,” ಎಂದಳು ಗಾಬರಿಯಿಂದ. “ನಾನೇ ತರ್ತೀನಿ.”

ಮೆಟ್ಟಿಲ ಮೇಲೆ ಕುಳಿತಳು. ಬಟ್ಟೆ ಹಗ್ಗ ಜೋತಾಡುತ್ತದೆ, ದುಪ್ಪಟಿ ಇದ್ದಿಲ ಪುಡಿಗೆ ತಾಗುತ್ತದೆ ಎಂದು ಸೆಪ್ಟೆಂಬರಿನಲ್ಲಿ ದಿನಾ ರಗಳೆ ತೆಗೆದವಳು ಅವಳೇ. ಎಮಿಲ್ ಎಲ್ಲಿಂದಲೋ ಸರಪಳಿ ತಂದು ಕಟ್ಟಿದ. ಅದೂ ಜೋತಾಡಿತು. ಮತ್ತೆ ರಗಳೆ ತೆಗೆದಳು. ಆಗ ಅವನು ನಾಲ್ಕು ನಾಲ್ಕು ಇಂಚಿನ ಮೂರು ಕೊಂಡಿ ಕತ್ತರಿಸಿ ತೆಗೆದು, ಬಿಗಿಯಾಗಿ ಎಳೆದು ಕಟ್ಟಿ, “ಇನ್ನು ಜೋತಾಡಿದ್ರೆ ನನ್ನ ಹೆಸರು ಬದಲಾಯ್ಸು, ರಾಣಿ” ಎಂದಿದ್ದ. ಪ್ರತಿ ಭಾನುವಾರ ಅದನ್ನು ಬಿಚ್ಚಿಕೊಂಡು ಹೋಗುತ್ತಿದ್ದ. ದೇವರ ದಿನ ಬಟ್ಟೆ ಒಗೆಯಬಾರದು ಎನ್ನುತ್ತಿದ್ದ. ಗಂಡ ದೈವಭಕ್ತ ಎಂದು ಅವಳು ನಂಬಿದ್ದಳು.

ಕತ್ತರಿಸಿದ್ದನ್ನು ಎಮಿಲ್ ಮರೆತಿದ್ದನೋ, ಮರೆತವನಂತೆ ಇದ್ದನೋ, ಈಗ ಕೇಳುವಂತಿರಲಿಲ್ಲ.

ವಿಲ್ಮಾ ಕಾಲೇಜಿನಲ್ಲಿ ಗಣಿತ ಓದಿದವಳು. ಆಟ ಅಷ್ಟಾಗಿ ಗೊತ್ತಿರಲಿಲ್ಲ, ಕಳೆಯುವ ಲೆಕ್ಕ ಗೊತ್ತಿತ್ತು: ಹತ್ತು ಗಜಕ್ಕೆ ಒಂದಡಿ ಕಡಿಮೆ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ನುಗ್ಗಿದರೆ ಚೆಂಡು ನಮ್ಮಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಎದುರಾಳಿಗೆ. ಅನುಮಾನ ಬಂದರೆ ಸರಪಳಿ ಹಿಡಿದು ಅಳೆಯುತ್ತಾರೆ. ಹ್ಯಾಮರ್ಸ್ ಗೂಳಿಗಳಂತೆ ತಲೆ ತಗ್ಗಿಸಿ ಇಂಚಿಂಚೇ ನುಗ್ಗುವ ತಂಡ. ಆ ವರ್ಷ ಹೊರಗಿನ ಆರು ಆಟದಲ್ಲಿ ನಾಲ್ಕು ಸೋತಿತ್ತು. ಊರಿನ ಆರಕ್ಕೆ ಆರೂ ಗೆದ್ದಿತ್ತು, ಪ್ರತಿ ಸಲವೂ ಬೆರಳಗಲದಲ್ಲಿ. ಇದು ಮನೆಯೂಟದ ಬಲ ಎಂದು ಪತ್ರಿಕೆಯವರು ಬರೆದರು. ಪವಾಡ ಎಂದರು ಪಾದ್ರಿ. ಅದೇ ಪಾದ್ರಿ ನಿನ್ನೆ ಗೋರಿಯ ಮುಂದೆ ನಿಂತು, “ಒಂದು ಇಂಚೂ ಅತ್ತಿತ್ತ ಮಾಡದ ಮನುಷ್ಯ” ಎಂದು ಕಣ್ಣೊರೆಸಿಕೊಂಡಿದ್ದರು.

ಇಂದು ಯಾರಾದರೂ ಅಳೆದು ನೋಡಿದರೆ? ಗೋರಿಯ ಮಣ್ಣು ಇನ್ನೂ ಹಸಿ, ಅಷ್ಟರಲ್ಲೇ ಎಮಿಲ್ ಊರಿನ ಕಳ್ಳನಾಗುತ್ತಾನೆ. ಮೂರು ಕೊಂಡಿ ಮೊಳೆಗೆ ನೇತಾಡುತ್ತಿದ್ದವು. ವಿಲ್ಮಾ ಅಂಗಿಗಳನ್ನು ಒಂದೊಂದಾಗಿ ತೆಗೆದು ಮಡಿಸಿಟ್ಟು, ಸರಪಳಿ ಬಿಚ್ಚಿಕೊಂಡು ಹೊರಟಳು.

ಅಂಗಡಿಗಳೆಲ್ಲ ಮುಚ್ಚಿದ್ದವು. ಮೂರನೇ ಮನೆಯ ಮೈಕ್ ಸಾಬೋ ಉಕ್ಕಿನ ಕಾರ್ಖಾನೆಯಲ್ಲಿ ಬೆಸುಗೆಯವನು, ಗ್ಯಾರೇಜಿನಲ್ಲಿ ಸಾಮಾನು ಇಟ್ಟಿದ್ದ. ತಂಡ ಗೆಲ್ಲಲಿ ಎಂದು ಅಕ್ಟೋಬರಿನಿಂದ ಗಡ್ಡ ಬೋಳಿಸದೆ ಕರಡಿಯಂತಾಗಿದ್ದ.

“ಬಟ್ಟೆ ಹಾಕೋ ಚೈನು,” ಎಂದಳು ವಿಲ್ಮಾ. “ಈ ಮೂರು ಕೊಂಡಿ ಸೇರಿಸಿ ಕೊಡು, ಮೈಕ್.”

“ಇವತ್ತಾ? ಫೈನಲ್ ದಿನ ಬಟ್ಟೆ ಒಗೀತಾರಾ?”

ಪಕ್ಕದ ಮನೆಯ ಮಿಸೆಸ್ ಗ್ರೇಡಿ ಹತ್ತನೇ ಪಾತ್ರೆಯ ಸಮೇತ ಅವಳನ್ನು ಹಿಂಬಾಲಿಸಿ ಬಂದಿದ್ದಳು. ಮೈಕ್‌ನನ್ನು ಮೂಲೆಗೆ ಎಳೆದು, ಇಡೀ ಬೀದಿಗೆ ಕೇಳುವಂತೆ ಪಿಸುಗುಟ್ಟಿದಳು: “ದುಃಖ ತಲೆಗೇರಿದೆ ಕಣೋ. ಏನ್ ಹೇಳಿದ್ರೂ ಹೂಂ ಅನ್ನು. ನನ್ನ ನಾದಿನಿ ಗಂಡ ಸತ್ತ ಮಾರನೇ ದಿನ ಕೋಳಿಗೆ ಸ್ವೆಟರ್ ಹೆಣೆದ್ಲು.”

“ಉದ್ದ ಮಾಡಿದ್ರೆ ಜೋತಾಡುತ್ತೆ ವಿಲ್ಮಾ.”

“ಜೋತಾಡ್ಲಿ.”

“ಹೂಂ,” ಎಂದ ಮೈಕ್, ಹೆದರಿ.

ರೇಡಿಯೊದತ್ತ ಒಂದು ಕಿವಿ ಇಟ್ಟು ಬೆಸೆಯತೊಡಗಿದ. ಮೊದಲನೆಯದು ಕೂಡಿತು. ಎರಡನೆಯದೂ ಕೂಡಿತು. ಮೂರನೆಯದನ್ನು ಬೆಸೆದು ಎತ್ತಿದಾಗ ಅದರೊಂದಿಗೆ ಇದ್ದಿಲ ಬಕೆಟ್ಟೂ ಎದ್ದು ಬಂತು. ಬಕೆಟ್ಟಿನ ಹಿಡಿ ಕೊಂಡಿಯೊಳಗೆ ಸೇರಿತ್ತು.

“ಬಕೆಟ್ಟೂ ಇರ್ಲಿ ಬಿಡಮ್ಮ,” ಎಂದಳು ಮಿಸೆಸ್ ಗ್ರೇಡಿ. “ಬಟ್ಟೆ ಕ್ಲಿಪ್ ಹಾಕ್ಕೋಬಹುದು.”

ಮತ್ತೆ ಕತ್ತರಿಸಿ, ಮತ್ತೆ ಬೆಸೆದು ಮುಗಿಸುವಷ್ಟರಲ್ಲಿ ಒಂದೂವರೆ. ಅಳತೆಯ ಸರಪಳಿ ಬಂದಿಲ್ಲ, ಅಭ್ಯಾಸದ ಮೈದಾನದ ಹಗ್ಗದಲ್ಲೇ ಆಟ ನಡೆದಿದೆ ಎಂದು ರೇಡಿಯೊ ಹೇಳಿತು.

“ಚೈನ್ ಬಂದಿಲ್ವಂತೆ!” ಎಂದು ಮೈಕ್ ಗಡ್ಡ ಕಿತ್ತುಕೊಂಡ. “ಯಾವ ಬೇಜವಾಬ್ದಾರಿ ಮುಂಡೇದು…” ಎನ್ನುತ್ತ ತನ್ನ ಕೈಯಲ್ಲಿದ್ದ ಸರಪಳಿಯನ್ನು ವಿಲ್ಮಾಗೆ ಕೊಟ್ಟ.

ಯಾರಿಗೂ ಕಾಣಬಾರದೆಂದು ಅವಳು ಸರಪಳಿಯನ್ನು ಮೈಗೆ ಸುತ್ತಿಕೊಂಡು ಮೇಲೆ ಎಮಿಲ್‌ನ ಓವರ್‌ಕೋಟು ತೊಟ್ಟಳು. ಟ್ರಾಮಿನಲ್ಲಿ ಹೆಜ್ಜೆ ಇಟ್ಟಾಗಲೆಲ್ಲ ಜೈಲಿನ ಬಾಗಿಲು ತೆರೆದಂತೆ ಸದ್ದು. ಎದುರು ಸೀಟಿನ ಮುದುಕಿ ಶಿಲುಬೆಯ ಗುರುತು ಹಾಕಿಕೊಂಡಳು.

“ಪ್ರಾಯಶ್ಚಿತ್ತಾನಾ ತಾಯಿ? ಯಾವ ಪಾದ್ರಿ ಕೊಟ್ಟದ್ದು?”

“ಗಂಡನ ಕಡೆಯಿಂದ ಬಂದದ್ದು.”

“ನನ್ನ ಗಂಡನೂ ಹಾಗೇ ಇದ್ದ,” ಎಂದು ಮುದುಕಿ ನಿಟ್ಟುಸಿರಿಟ್ಟಳು.

ಟ್ರಾಮಿನ ಚಾಲಕ ಪ್ರತಿ ಹೆಂಡದಂಗಡಿಯ ಮುಂದೆ ನಿಲ್ಲಿಸಿ, ಇಳಿದು, ಸ್ಕೋರು ಕೇಳಿಕೊಂಡು ಬರುತ್ತಿದ್ದ. ಆ ಬೀದಿಯಲ್ಲಿ ಹನ್ನೊಂದು ಹೆಂಡದಂಗಡಿಗಳಿದ್ದವು. ವಿಲ್ಮಾ ಸ್ಟೇಡಿಯಂ ತಲುಪಿದಾಗ ಆಟ ಮುಗಿಯಲು ಒಂದೇ ನಿಮಿಷ ಉಳಿದಿತ್ತು. ಶೋಕದ ಕಪ್ಪು ಟೋಪಿ ಕಂಡ ಗೇಟಿನವನು ಟಿಕೆಟ್ ಕೇಳದೆ ಒಳಗೆ ಬಿಟ್ಟ.

ಮೂವತ್ತು ಸಾವಿರ ಜನ ಎದ್ದು ನಿಂತಿದ್ದರು. ಹ್ಯಾಮರ್ಸ್ ನಾಲ್ಕು ಅಂಕ ಹಿಂದೆ, ಗುರಿಗೆರೆ ಐದೇ ಗಜ ದೂರ, ನಾಲ್ಕನೇ ಪ್ರಯತ್ನ ಈಗಷ್ಟೇ ಮುಗಿದಿತ್ತು. ಹತ್ತು ಗಜ ದಾಟಿತೇ ಇಲ್ಲವೇ? ಹಿಮದಲ್ಲಿ ನೆನೆದ ಹಗ್ಗ ಹಿಡಿದರು. ಚೆಂಡು ಹೆಬ್ಬೆರಳಷ್ಟು ಮುಂದಿತ್ತು. ರೆಫರಿ ಹೌದೆಂದು ತಲೆಯಾಡಿಸುತ್ತಿದ್ದ, ಎದುರಾಳಿಯ ಕೋಚ್ ಕೋಪದಿಂದ ಕುಣಿಯುತ್ತಿದ್ದ.

“ನೆನೆದ ಹಗ್ಗ ಕುಗ್ಗುತ್ತೆ ಕಣ್ರೀ! ಚಡ್ಡಿ ಲಾಡಿ ಹಿಡ್ಕೊಂಡು ಅಳೀತೀರಾ? ಚೈನ್ ತರಿಸ್ರಿ!”

ಆಗ ಡಟ್ಟನ್ ಅವಳನ್ನು ಕಂಡರು. “ಬಂತು! ಎಮಿಲ್ ಚೈನ್ ಬಂತು!”

ಮೂವತ್ತು ಸಾವಿರ ಗಂಟಲು ಒಟ್ಟಿಗೆ ಎಮಿಲ್‌ನ ಹೆಸರು ಕೂಗಿದವು. ಬೆಳಗಿನಿಂದ ವಿಲ್ಮಾ ಲೆಕ್ಕ ಹಾಕಿದ್ದು ಎಮಿಲ್‌ನ ಹೆಸರಿನದ್ದೊಂದೇ, ಸರಪಳಿ ಸರಿಹೋದರೆ ಊರಿನ ತಂಡ ಸೋಲಬಹುದು ಎಂಬುದನ್ನಲ್ಲ.

“ಹಗ್ಗದಲ್ಲೇ ಆಯ್ತಲ್ಲ ಸರ್,” ಎಂದಳು ಕೋಟನ್ನು ಬಿಗಿಹಿಡಿದು. “ಹಗ್ಗವೇ ಸಾಕು.”

“ಯಾಕಮ್ಮ?” ಡಟ್ಟನ್ ದಂಗಾದರು. “ಆ ಚೈನ್ ನಮಗೆ ಯಾವತ್ತಾದ್ರೂ ಕೈ ಕೊಟ್ಟಿದ್ಯಾ?”

ಕೋಚ್ ಕಣ್ಣು ಕಿರಿದು ಮಾಡಿದ. “ಚೈನಲ್ಲಿ ಏನಾದ್ರೂ ಮೋಸ ಇದ್ಯೇನಮ್ಮಾ?”

ವಿಲ್ಮಾ ಕೋಟಿನ ಗುಂಡಿ ಬಿಚ್ಚಿದಳು. ಇಬ್ಬರು ತುದಿ ಹಿಡಿದು ಎಳೆದರು, ಅವಳು ಹಿಮದ ನಡುವೆ ಬುಗುರಿಯಂತೆ ತಿರುಗಿದಳು. ಕೋಚ್ ತನ್ನದೇ ಟೇಪು ಹಿಡಿದು ಅಳೆದ. ಸರಿಯಾಗಿ ಹತ್ತು ಗಜ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಮೇಲೆ ಅದನ್ನು ಚೆಂಡಿನ ಪಕ್ಕದಲ್ಲಿ ಬಿಗಿಯಾಗಿ ಚಾಚಿದರು.

ಚೆಂಡು ಹತ್ತು ಗಜಕ್ಕೆ ಒಂದು ಗೇಣು ಹಿಂದಿತ್ತು.

ಚೆಂಡು ಎದುರಾಳಿಗೆ ಹೋಯಿತು. ಅವರು ಅದರ ಮೇಲೆ ಕುಳಿತು ಉಳಿದ ಹೊತ್ತು ಕಳೆದರು. ಆ ವರ್ಷದ ಕಪ್ ಅವರ ಪಾಲಾಯಿತು.

ಡಟ್ಟನ್ ಸರಪಳಿಯ ಪಕ್ಕದಲ್ಲೇ ಮಂಡಿಯೂರಿದ್ದರು. ಮೂಗೊರೆಸಿಕೊಂಡು, “ಎಮಿಲ್ ಇದ್ದಿದ್ರೆ ಇವತ್ತು ಹೀಗಾಗ್ತಿರ್ಲಿಲ್ಲ ಕಣಮ್ಮ,” ಎಂದರು.

“ಆಗ್ತಿರ್ಲಿಲ್ಲ ಸರ್.”

“ಇದನ್ನ ನೀನೇ ಇಟ್ಕೊ. ಅವನ ನೆನಪಿಗೆ.”

ವಿಲ್ಮಾ ಹಿಮದಿಂದ ಸರಪಳಿ ಎತ್ತಿ, ಸುರುಳಿ ಸುತ್ತಿ, ಅವರ ಎರಡೂ ಕೈಗಳ ಮೇಲೆ ಇಟ್ಟಳು.

“ಎರವಲು ತಂದದ್ದು ಸರ್. ತಂದಾಗ ಎಷ್ಟಿತ್ತೋ ಅಷ್ಟೇ ಇದೆ.”