ಜಾರುವ ಗಾಡಿ, ಹತ್ತದ ವೈನಿ

ಜಾರುವುದು ಗಾಲಿಯ ಗುಣ. ಜಾರಿದ ಮೇಲೆ ಟಾಯರ್ ಅಂಗಡಿಯವರನ್ನು ಬೈಯುವುದು ಗಾಡಿ ಮಾಲೀಕರ ಗುಣ. ಬೆಳಗಾವಿಯ ಅನಗೋಳದಲ್ಲಿ ನಾನು ಅಂಗಡಿ ಇಟ್ಟಾಗಿನಿಂದ ಇವೆರಡೂ ಒಂದು ಮಳೆಗಾಲವೂ ತಪ್ಪಿಲ್ಲ. ಅಂಗಡಿ ನನ್ನದೇ, ಪಂಕ್ಚರ್ ತೆಗೆಯುವುದರಿಂದ ಶುರುಮಾಡಿ ನಾನೇ ಬೆಳೆಸಿದ್ದು. ಆದರೂ ಹೊಸ ಗಿರಾಕಿ ಬಂದರೆ, ಹೆಂಗಸು ಮಾಲೀಕಳೆಂದು ಹೊಳೆಯದೆ, ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, "ಮಾಲಕರು ಇಲ್ಲೇನ್ರಿ?" ಎಂದು ಕೇಳುತ್ತಾನೆ. "ಅದಾರಲ್ರಿ, ನಿಮಗ ಅಡ್ಡ ನಿಂತಾರ" ಅನ್ನುತ್ತೇನೆ. ಇಂಥವು ದಿನಕ್ಕೊಂದು ಆಗುತ್ತವೆ. ಆದರೆ ಒಂದು ಇಡೀ ಮಳೆಗಾಲ ನಮ್ಮ ಓಣಿಯನ್ನು ನಗಿಸಿದ್ದು ಒಂದೇ ಒಂದು ಗಾಡಿ.

ಗಾಡಿ ತಿರುಗಿತು

ಆ ಗಾಡಿ ನಮ್ಮ ಓಣಿಯ ಪಾತ್ರೆ-ಭಾಂಡೆ ಅಂಗಡಿ ಸಾವಕಾರ್ರದು. ಅರವತ್ತು ದಾಟಿದ ಮೇಲೆ ಅವರು ಗೋವೆಯಿಂದ ಒಂದು ಹಳೆಯ ಫಾರಿನ್ ಕಾರು ತಂದರು. ಉದ್ದ ಮೂತಿ, ಆರು ಸಿಲಿಂಡರು, ಹೊಟ್ಟೆಯೊಳಗೆ ಹುಲಿ ಸಾಕಿದಂಥ ಸದ್ದು. ಇಂಜಿನ್ನಿನ ಭಾರವೆಲ್ಲ ಮುಂದೆ, ಅದರ ತಾಕತ್ತೆಲ್ಲ ಹಿಂದಿನ ಎರಡು ಗಾಲಿಗೆ. ಈಗಿನ ಗಾಡಿಗಳಲ್ಲಿ ಗಾಲಿ ಜಾರಿದರೆ ಒಳಗಿನ ಕಂಪ್ಯೂಟರು ತಾನೇ ಸಂಭಾಳಿಸುತ್ತದೆ. ಇದರಲ್ಲಿದ್ದ ಕಂಪ್ಯೂಟರು ಎಂದರೆ ಸಾವಕಾರ್ರ ಬಲಗಾಲು ಒಂದೇ. ಅದು ನಲವತ್ತು ವರ್ಷ ಸೈಕಲ್ ತುಳಿದ ಕಾಲು. ತುಳಿದರೆ ಪೂರ್ತಿ ತುಳಿಯುವುದೇ ಗೊತ್ತು.

ಗಾಡಿ ತಂದ ಮರುವರ್ಷ, ಮೊದಲ ದೊಡ್ಡ ಮಳೆಯ ದಿನ ಅವರು ಹೆಂಡತಿಯನ್ನು ಕೂರಿಸಿಕೊಂಡು ಗುಡಿಗೆ ಹೊರಟರು. ಸರ್ಕಲ್ಲಿನಲ್ಲಿ ಗಾಡಿಯ ಹಿಂಭಾಗ ಜಾರಿ, ಬುಗುರಿಯಂತೆ ಒಂದೂವರೆ ಸುತ್ತು ಹೊಡೆದು, ಬಂದ ದಾರಿಗೇ ಮುಖ ಮಾಡಿ ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹೆಂಡತಿ ಇಳಿದು, ಛತ್ರಿ ಬಿಚ್ಚಿ, ನಡೆದುಕೊಂಡೇ ನನ್ನ ಅಂಗಡಿಗೆ ಬಂದರು. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತೇನೆ. ಹಿಂದೆಯೇ ಸಾವಕಾರ್ರು ಗಾಡಿಯನ್ನು ಮೆಲ್ಲಗೆ ತಂದರು.

"ಜಾರಿಲ್ಲರಿ, ಸ್ವಲ್ಪ ತಿರಿಗೇತಿ ಅಷ್ಟ" ಅಂದರು ಸಾವಕಾರ್ರು.

"ಖರೇ ಐತಿ," ಅಂದರು ವೈನಿ. "ಇವರ ಕೂಡ ಹೋಗೂದಕ್ಕಿಂತ ಮನಿಗೆ ಹೋಗೂದ ಛಲೋ ಅಂತ ಗಾಡಿಗಿ ತಿಳದೈತಿ, ಅದಕ್ಕ ಮನಿ ಕಡೆ ಮುಖ ಮಾಡೇತಿ."

ಆಮೇಲೆ ಅಲ್ಲೇ ನಿಂತು ಶಪಥ ಮಾಡಿದರು. ಅವರ ತವರು ಜಾಂಬೋಟಿ ಕಡೆಗೆ. ಮನೆಗೆ ಹೋಗಬೇಕಾದರೆ ಕೆಂಪು ಮಣ್ಣಿನ ಒಂದು ದಿಬ್ಬ ಹತ್ತಬೇಕು. ಹೋದ ವರ್ಷ ಭತ್ತದ ನಾಟಿಯ ಪೂಜೆಗೆ ಸಾವಕಾರ್ರು ಒಬ್ಬರೇ ಗಾಡಿ ತೋರಿಸಲು ಹೋಗಿದ್ದಾಗ, ವೈನಿಯ ತಮ್ಮ ಊರ ಮಂದಿಯ ಮುಂದೆಯೇ ಗಾಡಿಗೆ ಕಬ್ಬಿಣದ ಸಾಖಳಿ ಕಟ್ಟಿ ಟ್ರಾಕ್ಟರಿನಿಂದ ಎಳೆದು ಹತ್ತಿಸಿದ್ದನಂತೆ.

"ಈ ವರ್ಷ ಆ ದಿಬ್ಬಾ ಈ ಗಾಡಿ ತಾನ ಹತ್ತಬೇಕು, ಅದನ್ನ ನಾ ಕಣ್ಣಲೆ ನೋಡಬೇಕು. ಅಲ್ಲೀತನಕ ಇದರಾಗ ಕುಂದರೂದಿಲ್ಲ," ಅಂದವರೇ ಹೊರಟುಬಿಟ್ಟರು.

ಸಾವಕಾರ್ರ ಮುಖ ಸಣ್ಣದಾಯಿತು. "ಜಲ್ಮಾನಪೂರ್ತಿ ಆಕಿ ನನ್ನ ಸೈಕಲ್ಲಿನ ಕ್ಯಾರಿಯರ್ ಮ್ಯಾಲೆ ಕುಂತಾಳ್ರಿ. ಒಮ್ಮೆ ಮೆತ್ತನ ಸೀಟಿನ ಮ್ಯಾಲೆ ಕುಂದರಿಸಿ ತವರಮನಿಗೆ ಕರಕೊಂಡ ಹೋಗೂಣು ಅಂತ ಈ ಗಾಡಿ ತಗೊಂಡಿನ್ರಿ."

ಅಷ್ಟು ಕೇಳಿದ ಮೇಲೆ ನನಗೆ ಬಾಯಿ ತಡೆಯಲಾಗಲಿಲ್ಲ. "ಈ ವರ್ಷ ಗಾಡಿ ಹತ್ತಲಿಲ್ಲ ಅಂದ್ರ ನನ್ನ ಅಂಗಡಿ ಬೋರ್ಡ ಇಳಿಸಿಬಿಡ್ತೀನಿ, ಬರಕೋರಿ" ಅಂದೆ.

ಪಕ್ಕದ ಗ್ಯಾರೇಜಿನ ಚಾಚಾ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದವರು, ಇಂಜಿನ್ನಿನೊಳಗಿಂದ ತಲೆ ಎತ್ತದೆಯೇ ಅಂದರು: "ಬೇಟಿ, ನಿಚ್ಚಣಕಿ ನನ್ನ ಹತ್ರ ಐತಿ. ಯಾವಾಗ ಬೇಕಾದ್ರೂ ಕೇಳು."

ಕಟಕ ರೊಟ್ಟಿ

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮೊದಲು ಓದಿದ್ದು ಟಾಯರುಗಳ ಬದಿಯ ಅಕ್ಷರಗಳನ್ನು. ಆಮೇಲೆ ಕಡಲೆಪುರಿ ಕಟ್ಟಿ ಬಂದ ಪೇಪರು, ಅದಾದ ಮೇಲೆ ಕೈಗೆ ಸಿಕ್ಕಿದ್ದೆಲ್ಲ. ಹಾಗಾಗಿ ಟಾಯರು ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತದೆ.

ಸಾವಕಾರ್ರು ಟಾಯರ್ ತಟ್ಟಿ, "ನಕ್ಷಿ ನೋಡ್ರಿ, ಒಂದ ಗೆರಿನೂ ಸವದಿಲ್ಲ. ಹೊಸಾ ಮಾಲು!" ಅಂದರು.

ನಾನು ಬದಿಯಲ್ಲಿದ್ದ ನಾಲ್ಕು ಅಂಕಿ ತೋರಿಸಿದೆ. ಮೊದಲ ಎರಡಂಕಿ ಟಾಯರು ತಯಾರಾದ ವಾರ, ಮುಂದಿನ ಎರಡಂಕಿ ವರ್ಷ. "ಇದು ಹುಟ್ಟಿ ಹದಿನಾಲ್ಕ ವರ್ಷ ಆತ್ರಿ. ಸವದಿಲ್ಲ ಖರೆ, ಆದ್ರ ರಬ್ಬರ್ ಒಣಗಿ ಕಟಕ ರೊಟ್ಟಿ ಆಗೇತಿ. ಕಟಕ ರೊಟ್ಟಿ ಆರು ತಿಂಗಳ ಇಟ್ರೂ ಕೆಡೂದಿಲ್ಲ, ಹಂಗಂತ ಅದು ಕೈಗೆ ಅಂಟತೈತೇನು? ಬಿಸಿ ರೊಟ್ಟಿ ಲಗೂನ ಮುಗಿತೈತಿ, ಆದ್ರ ಅಂಟತೈತಿ. ನಿಮ್ಮ ಗಾಡಿ ತಾಕತ್ತಿಗೆ ಮೆತ್ತನ ರಬ್ಬರ್ ಬೇಕ್ರಿ."

ಸಾವಕಾರ್ರು ತಲೆದೂಗಿ ಹೋದರು. ಮರುದಿನ ಬೆಳಿಗ್ಗೆ ಫೋನು. ಗಾಡಿ ಅಂಗಳದಿಂದ ಜಾರಿ, ಗೇಟು ನೂಕಿಕೊಂಡು ಎದುರು ಮನೆಯ ಕಟ್ಟೆಗೆ ತಾಗಿ ನಿಂತಿತ್ತು.

ನಾನು ಓಡಿದೆ. ನಾಲ್ಕೂ ಟಾಯರು ಕನ್ನಡಿಯಂತೆ ಹೊಳೆಯುತ್ತಿದ್ದವು. ಕಡೆಗೆ ಒರಟು ಬಟ್ಟೆ ಹಿಡಿದುಕೊಂಡು ನಿಂತಿದ್ದ ಸಾವಕಾರ್ರು ಒಪ್ಪಿಕೊಂಡರು: "ನೀವ ಹೇಳಿದ್ರಲ್ಲ ಕಟಕ ರೊಟ್ಟಿ ಅಂತ. ಕಟಕ ರೊಟ್ಟಿಗೆ ನಾವು ಏನ ಮಾಡ್ತೀವಿ? ಶೇಂಗಾ ಎಣ್ಣಿ ಹಚ್ಚೀನ್ರಿ, ಮೆತ್ತಗ ಆಗಲಿ ಅಂತ."

"ಆತೇನ್ರಿ ಮೆತ್ತಗ?"

ಬಾಗಿಲಲ್ಲಿ ನಿಂತಿದ್ದ ವೈನಿ ಅಂದರು: "ಟಾಯರ್ ಆಗಿಲ್ಲ. ಗೇಟ್ ಆಗೇತಿ."

ಗಾಳಿ

ಮೆತ್ತನೆ ರಬ್ಬರಿನ ಹೊಸ ಟಾಯರು ಹಾಕಿದೆ. ಚಾಚಾ ಗಾಡಿಯ ಕೆಳಗೆ ಮಲಗಿ ಹಿಂದಿನ ಗಾಲಿಗಳ ಸವೆದ ರಬ್ಬರ್ ಬುಶ್ಶುಗಳನ್ನೆಲ್ಲ ಬದಲಿಸಿದರು. ಆದರೆ ಮರುದಿನ ಸಾವಕಾರ್ರು ನಡುದಾರಿಯಲ್ಲಿ ಎಲ್ಲೋ ಗಾಳಿ ಹಾಕಿಸಿಕೊಂಡು, ಟಾಯರುಗಳನ್ನು ಡೊಳ್ಳಿನಂತೆ ಬಿಗಿ ಮಾಡಿಸಿಕೊಂಡೇ ಬಂದರು. ಗಾಡಿ ಬಾಗಿಲಿನ ಪಕ್ಕ ಕಂಪನಿಯವರು ಬರೆದ ಅಂಕಿ ನೋಡಿ ನಾನು ಅಷ್ಟಕ್ಕೇ ಇಳಿಸಲು ಕೂತೆ. ಅವರ ಜೀವ ಹಾರಿತು.

"ಯಾಕ್ರಿ, ನನ್ನ ಗಾಳಿ ಯಾಕ ಬಿಡಾಕತ್ತೀರಿ?"

"ಗಾಳಿ ಹೆಚ್ಚಾದ್ರ ಟಾಯರ್ ಉಬ್ಬಿ, ನಡುವಿನ ಒಂದ ಪಟ್ಟಿ ಅಷ್ಟ ನೆಲಕ್ಕ ಹತ್ತತೈತ್ರಿ. ಗದ್ದಿ ಕೆಸರಾಗ ನೀವು ತುದಿಗಾಲ ಮ್ಯಾಲೆ ನಡೀತೀರೇನು? ಪಾದ ಪೂರಾ ಊರತೀರಿ. ಹಂಗ ಇದು."

ಮಾರ್ಕೆಟ್ಟಿನಿಂದ ಬರುತ್ತಿದ್ದ ವೈನಿ ಕೈಚೀಲ ಕೆಳಗಿಟ್ಟರು. "ಟಾಯರ್‌ದು ಆಮ್ಯಾಲ ತಗೀರಿ ಅಕ್ಕಾರ. ಮೊದಲ ಇವರದ ಒಂದೀಟ ತಗೀರಿ. ಗಾಡಿ ತಂದಾಗಿಂದ ಇವರ ಕಾಲೂ ನೆಲಕ್ಕ ಹತ್ತವಲ್ಲವು."

ಉಸುಕಿನ ಬದಲು

ಹಿಂದಿನ ಗಾಲಿ ನೆಲ ಕಚ್ಚಬೇಕೆಂದರೆ ಅವುಗಳ ಮೇಲೆ ಸ್ವಲ್ಪ ಭಾರ ಬೇಕು. "ಡಿಕ್ಕಿಯೊಳಗ ಎರಡು ಚೀಲ ಉಸುಕು ಇಡ್ರಿ. ಗಾಲಿ ಮ್ಯಾಲ ಬರೂಹಂಗ, ಅಲಗಾಡದಂಗ ಹಗ್ಗ ಕಟ್ರಿ" ಎಂದು ಹೇಳಿ ಕಳಿಸಿದೆ. ಅಷ್ಟರಲ್ಲಿ ನಾಲ್ಕು ದಿನ ಬಿಡದ ಮಳೆ ಹಿಡಿಯಿತು.

ಐದನೇ ದಿನ ಸಾವಕಾರ್ರು ನಗುನಗುತ್ತ ಬಂದರು. "ಅಕ್ಕಾರ, ಗಾಡಿ ಈಗ ಆನಿಹಂಗ ನಡಿತೈತಿ!"

ಸ್ಟೆಪ್ನಿ ನೋಡೋಣವೆಂದು ಚಾಚಾ ಡಿಕ್ಕಿ ತೆರೆದರು. ಚೀಲ ಎತ್ತಲು ಹೋದರೆ ಬರಲಿಲ್ಲ. ಬೆರಳಿನಿಂದ ತಟ್ಟಿದರು. ಟಣ್ ಎಂದಿತು.

"ಸಾವಕಾರ್ರ, ಇದು ಉಸುಕೇನ್ರಿ?"

"ನನ್ನಂಥವನ ಗಾಡ್ಯಾಗ ಉಸುಕ ನೋಡಿದ್ರ ಮಂದಿ ಏನ ಅಂದಾರು? ಮನಿ ಕಟ್ಟಿಸಿ ಉಳಿದಿದ್ದ ಸಿಮೆಂಟ್ ಇತ್ತು. ಅದನ್ನ ಇಟ್ಟೀನಿ. ಸಿಮೆಂಟಿಗೆ ಒಂದ ಇಜ್ಜತ್ ಇರತೈತಿ."

ಡಿಕ್ಕಿಯ ಬಾಗಿಲಿನ ರಬ್ಬರು ಎಂದೋ ಹರಿದಿತ್ತು. ನಾಲ್ಕು ದಿನದ ಮಳೆ ಒಳಗೆ ಇಳಿದು, ಇಜ್ಜತ್ತು ಕಲ್ಲಾಗಿತ್ತು. ಎರಡು ಚೀಲ, ನಡುವೆ ಸಿಕ್ಕಿಬಿದ್ದ ಜಾಕು, ಎಲ್ಲ ಸೇರಿ ಒಂದೇ ತುಂಡು.

ಚಾಚಾ ಗಡ್ಡ ನೀವಿಕೊಂಡು ಸುತ್ತ ಒಂದು ಸಲ ನೋಡಿದರು. "ಸ್ಲ್ಯಾಬ್ ಛಲೋ ಕುಂತೈತ್ರಿ ಸಾವಕಾರ್ರ. ಇನ್ನ ಮ್ಯಾಲ ಒಂದ ಮಾಳಿಗಿ ಏರಿಸಬಹುದು."

ಉಳಿ ಸುತ್ತಿಗೆ ತಂದು ಎರಡು ತುಂಡು ಮಾಡಿ ಬಿಡಿಸಲು ಒಂದು ಇಡೀ ದಿನ ಹಿಡಿಯಿತು. ಈಗ ನನ್ನ ಅಂಗಡಿ ಮುಂದೆ ಗಿರಾಕಿಗಳು ಕೂಡುವ ಎರಡು ಕಲ್ಲುಗಳು ಅವೇ. ಜಾಕು ಈಗಲೂ ಒಂದರ ಒಳಗೇ ಇದೆ.

ಹಪ್ಪಳ

ಟಾಯರು, ಗಾಳಿ, ಭಾರ ಮೂರೂ ಸರಿಯಾದವು. ಉಳಿದದ್ದು ಆ ಬಲಗಾಲು. ಅದಕ್ಕೆ ಬಿಡಿಭಾಗ ಎಲ್ಲೂ ಸಿಗುವುದಿಲ್ಲ.

ಖಾಲಿ ಮೈದಾನಕ್ಕೆ ಕರೆದೊಯ್ದು ಕಲಿಸಿದೆ. ಅವರು ಎಕ್ಸಲರೇಟರು ಒತ್ತಿದ ಕೂಡಲೇ ಹಿಂದಿನ ಗಾಲಿ ಹೂಂಕರಿಸಿ ಕೆಸರು ಹಾರಿಸುತ್ತಿದ್ದವು. ಗಾಡಿ ಹೋಗಬೇಕಾದಲ್ಲಿಗೆ ಮೊದಲು ಕೆಸರೇ ಹೋಗುತ್ತಿತ್ತು.

"ಮೆಲ್ಲಕ, ಮೆಲ್ಲಕ! ಕಾಲ ಬುಡಕ ಹಪ್ಪಳ ಐತಿ ಅಂತ ತಿಳೀರಿ. ಅದು ಒಡೀಬಾರದು, ಗಾಡಿ ಮುಂದ ಹೋಗಬೇಕು. ಗಾಲಿ ಜಾರಾಕ ಹತ್ತಿದ್ರ ಕಾಲ ಕಿತ್ತಗೋಬ್ಯಾಡ್ರಿ, ಒಂದೀಟ ಸಡಿಲ ಬಿಡ್ರಿ ಸಾಕು."

ತಿಳಿಯಿರಿ ಅಂದರೆ ಬರೀ ಮನಸ್ಸಿನಲ್ಲೇ ತಿಳಿಯುವವರಲ್ಲ ಅವರು. ಮರುದಿನ ಖರೇನೇ ಹಪ್ಪಳ ತಂದರು. ಎಕ್ಸಲರೇಟರಿಗೂ ಚಪ್ಪಲಿಗೂ ನಡುವೆ ಒಂದು. ಕಟ್. ಇನ್ನೊಂದು. ಕಟ್. ಮೊದಲ ದಿನ ಇಪ್ಪತ್ತು ಹಪ್ಪಳ ಹೋದವು. ಎರಡನೇ ದಿನ ಹನ್ನೆರಡು. ಮೂರನೇ ದಿನ ಐದು. ಮೈದಾನದ ಕಾಗೆಗಳು ಗಾಡಿಯ ಸದ್ದು ಗುರುತು ಹಿಡಿದು ಮೊದಲೇ ಬಂದು ಕೂಡತೊಡಗಿದವು. ಎಂಟನೇ ದಿನ ಸಾವಕಾರ್ರು ಮೈದಾನವನ್ನು ಪೂರಾ ಒಂದು ಸುತ್ತು ಹಾಕಿ ಬಂದು, ಒಡೆಯದ ಹಪ್ಪಳವನ್ನು ಮೆಡಲ್ಲಿನಂತೆ ಎತ್ತಿ ತೋರಿಸಿದರು. ಕಾಗೆಗಳಿಗೆ ಮಾತ್ರ ಬೇಸರವಾಯಿತು.

ಅವತ್ತೇ ವೈನಿ ಡಬ್ಬಿ ತೆರೆದು ನೋಡಿದರು. ಬೇಸಿಗೆಯಿಡೀ ಮಾಳಿಗೆ ಮೇಲೆ ಒಣಗಿಸಿದ್ದ ಉದ್ದಿನ ಹಪ್ಪಳ. ಡಬ್ಬಿಯ ತಳ ಕಾಣುತ್ತಿತ್ತು.

ಸೀದಾ ಅಂಗಡಿಗೆ ಬಂದು ನನ್ನನ್ನೇ ಕೇಳಿದರು: "ರೇಸ್ ಕೊಡೂದು ಕಲ್ಯಾಕ ಹಪ್ಪಳ ಆತು. ಗೇರ್ ಕಲಿಸೂಕಿಂತ ಮೊದಲ ಹೇಳ್ರಿ, ಚಕ್ಕಲಿ ಡಬ್ಬಿಗೆ ಕೀಲಿ ಹಾಕ್ತೀನಿ."

ದಿಬ್ಬ

ನಾಟಿ ಪೂಜೆಯ ದಿನ ಬಂತು. ಹಿಂದಿನ ರಾತ್ರಿಯಿಡೀ ಮಳೆ ಸುರಿದಿತ್ತು. ಅಂಗಡಿಗೆ ಬಾಗಿಲು ಹಾಕಿ ಬೋರ್ಡನ್ನು ಒಮ್ಮೆ ನೋಡಿ ಸಾವಕಾರ್ರ ಪಕ್ಕ ಕೂತೆ. ಡಿಕ್ಕಿಯಲ್ಲಿ ಎರಡು ಚೀಲ ಉಸುಕು. ನಾನೇ ಕೈಹಾಕಿ ನೋಡಿ ಕಟ್ಟಿದ್ದು.

ವೈನಿ ಮಾತ್ರ ಮಾತಿಗೆ ಗಟ್ಟಿ. ಖಾನಾಪುರದ ಬಸ್ಸು ಹತ್ತಿ, ಬೇಕೆಂದೇ ಕಡೆಯ ಸೀಟಿನಲ್ಲಿ ಕೂತರು. ನಮ್ಮ ಆರು ಸಿಲಿಂಡರಿನ ಗಾಡಿ ಆ ಬಸ್ಸಿನ ಹಿಂದೆ ಕುರಿಮರಿಯಂತೆ ಹೊರಟಿತು. ಸ್ಟಾಪು ಬಂದಲ್ಲೆಲ್ಲ ಬಸ್ಸು ನಿಂತರೆ ನಾವೂ ನಿಂತೆವು. ಹಿಂದಿನ ಗಾಜಿನಿಂದ ವೈನಿ ತಿರುಗಿ ನೋಡುತ್ತಿದ್ದರು.

"ಓವರ್‌ಟೇಕ್ ಮಾಡ್ಲೇನ್ರಿ?" ಅಂದರು ಸಾವಕಾರ್ರು.

"ಹೆಂಡ್ತೀನ ಓವರ್‌ಟೇಕ್ ಮಾಡಿದವ್ರು ಯಾರೂ ಉದ್ಧಾರ ಆಗಿಲ್ಲ, ಸುಮ್ನ ನಡೀರಿ" ಅಂದೆ.

ಖಾನಾಪುರದಲ್ಲಿ ವೈನಿ ಬಸ್ಸು ಬದಲಿಸಬೇಕಿತ್ತು. ಇಳಿದು, ಶೇಂಗಾ ಕೊಂಡು, ಒಂದು ಪುಡಿಕೆಯನ್ನು ನಮ್ಮ ಕಿಟಕಿಯೊಳಗೆ ಕೊಟ್ಟು, ಹೋಗಿ ಜಾಂಬೋಟಿಯ ಬಸ್ಸು ಹತ್ತಿದರು. ಸಾವಕಾರ್ರು ಪುಡಿಕೆ ನೋಡಿ, "ಸಿಟ್ಟ ಅರ್ಧ ಇಳದೈತ್ರಿ" ಅಂದರು.

ದಿಬ್ಬದ ಬುಡದಲ್ಲಿ ಊರೇ ಸೇರಿತ್ತು. ವೈನಿಯ ತಮ್ಮ ಟ್ರಾಕ್ಟರ್ ಮೇಲೆ ಕೂತು, ಸಾಖಳಿಯನ್ನು ತೊಡೆಯ ಮೇಲೆ ಹಾವಿನಂತೆ ಸುತ್ತಿಕೊಂಡಿದ್ದ. ಆ ಕಡೆ ಅಕ್ಕನ ಗಂಡನಿಗೆ ದಾಜಿ ಅನ್ನುತ್ತಾರೆ. "ದಾಜಿ, ಈಗ ಕಟ್ಟಲೋ, ಜಾರಿದ ಮ್ಯಾಲ ಕಟ್ಟಲೋ?" ಎಂದು ಕೇಳಿದ. ಮಂದಿ ಹೋ ಎಂದು ನಕ್ಕರು.

ನಾನು ಇಳಿದು ವೈನಿಯ ಛತ್ರಿಯೊಳಗೆ ನಿಂತೆ. ಸಾವಕಾರ್ರು ಒಬ್ಬರೇ ಹತ್ತಿಸಬೇಕು, ಇಲ್ಲವಾದರೆ ಅದು ಗೆಲುವಲ್ಲ. ದಿಬ್ಬ ಬೆಣ್ಣೆ ಸವರಿದಂತೆ ಹೊಳೆಯುತ್ತಿತ್ತು. ನನ್ನ ಕಣ್ಣ ಮುಂದೆ ಚಾಚಾನ ನಿಚ್ಚಣಿಕೆಯೇ ಬಂದು ನಿಂತಿತು.

ಗಾಡಿ ಎರಡನೇ ಗೇರಿನಲ್ಲಿ ಮೆಲ್ಲಗೆ ಏರತೊಡಗಿತು. ಅರ್ಧಕ್ಕೆ ಬಂದಾಗ ಹಿಂಭಾಗ ಒಂದಿಷ್ಟು ಬಲಕ್ಕೆ ಸರಿಯಿತು. ವೈನಿ ನನ್ನ ಕೈ ಹಿಡಿದುಕೊಂಡರು. ನಾನು ಬಾಯಲ್ಲೇ, "ಸಡಿಲ ಬಿಡ್ರಿ, ಸಡಿಲ ಬಿಡ್ರಿ" ಅನ್ನುತ್ತಿದ್ದೆ. ಇಂಜಿನ್ನಿನ ಸದ್ದು ಒಂದು ಎಳೆ ತಗ್ಗಿತು. ಗಾಲಿ ನೆಲ ಕಚ್ಚಿತು. ಬಾಲ ನೇರವಾಯಿತು. ಗಾಡಿ ಒಂದೇ ಉಸಿರಿಗೆ ಹೋಗಿ ತವರಿನ ಅಂಗಳದಲ್ಲಿ ನಿಂತಿತು.

ಮಂದಿ ಸಿಳ್ಳೆ ಹೊಡೆದರು. ನಾನಂತೂ ಕುಣಿಯುವುದೊಂದು ಬಾಕಿ. ವೈನಿ ಕಣ್ಣು ಒರೆಸಿಕೊಂಡು, "ಮಳಿ ಹನಿ" ಅಂದರು. ಛತ್ರಿಯೊಳಗೆ ಮಳೆ ಹೇಗೆ ಬಂತೋ ನಾನು ಕೇಳಲಿಲ್ಲ.

ಮೇಲೆ ಸಾವಕಾರ್ರು ಬಾಗಿಲು ತೆಗೆದು ಇಳಿದರು. ಎರಡೂ ಕೈ ಎತ್ತಿ, "ನೋಡಿದೇನ? ಜಾರಲಿಲ್ಲ! ಬಂದೆ, ಬಂದೆ, ಕರಕೊಂಡ ಹೋಗ್ತೀನಿ ಬಾ!" ಎಂದು ಕೂಗುತ್ತ ಕೆಳಗೆ ಓಡಿಬಂದರು. ಮೂರನೇ ಹೆಜ್ಜೆಗೆ ಕಾಲು ಮೇಲಾಯಿತು. ಕೆಸರಿನಲ್ಲಿ ಕೂತುಬಿಟ್ಟರು; ಕೂತಲ್ಲಿಂದಲೇ, ಗಾಡಿ ಹತ್ತಿದ್ದ ಅದೇ ದಾರಿಯಲ್ಲಿ, ಬಿಳಿ ಧೋತರ ಕೆಂಪಾಗುತ್ತ, ಎತ್ತಿದ ಕೈ ಇಳಿಸದೆ, ಸರ್ರನೆ ಜಾರಿ ಬಂದು ವೈನಿಯ ಪಾದದ ಹತ್ತಿರ ನಿಂತರು.



ವೈನಿ ಗಂಡನನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿದರು. "ಅಕ್ಕಾರ, ಗಾಡಿ ನೀವ ಇಳಿಸಿಕೊಂಡ ಬರ್ರಿ. ಮಾತು ಕೊಟ್ಟೀನಿ, ನಾ ಗಾಡ್ಯಾಗ ಕುಂತ ಹೋಗ್ತೀನಿ."

"ಮತ್ತ ನಾನು?" ಅಂದರು ಸಾವಕಾರ್ರು, ಕೆಸರಿನಲ್ಲಿ ಕೂತೇ.

"ಈ ಅವತಾರದಾಗ ಮೆತ್ತನ ಸೀಟಿನ ಮ್ಯಾಲೆ ಕುಂದರ್ತೀರೇನು?" ಅಂದ ವೈನಿ ತಮ್ಮನಿಗೆ ಕೂಗಿ ಹೇಳಿದರು: "ಏ ತಮ್ಮಾ, ಸಾಖಳಿ ಬಿಚ್ಚು. ಗಾಡಿ ಹತ್ತೇತಿ, ನಿಮ್ಮ ದಾಜಿ ಹತ್ತಬೇಕಾಗೇತಿ!"