ಹುಳಕ್ಕೆ ಫೈನಲ್ ಬಿಟ್ಟ ಭೂಪ

ನನ್ನ ಹೆಂಡತಿಯ ಅಣ್ಣನಷ್ಟು ದೊಡ್ಡ ಫುಟ್‌ಬಾಲ್ ಆಟಗಾರ ರಾಮನಗರದಲ್ಲಿ ಹುಟ್ಟಿಲ್ಲ. ಅಷ್ಟು ತಲೆಕೆಟ್ಟವನೂ ಹುಟ್ಟಿಲ್ಲ! ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ತಂಡ. ನಾನು ನಾಯಕ, ಅಂದರೆ ಐದಕ್ಕೆ ಎದ್ದು ಐದೂವರೆಗೆ ಎಲ್ಲರನ್ನೂ ಮೈದಾನದಲ್ಲಿ ಸಾಲಾಗಿ ನಿಲ್ಲಿಸುವವನು. ಅವನು ಗೋಲು ಹೊಡೆಯುವವನು.

ಕೂಟಗಲ್ಲಿನ ಅವನ ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದರು. ಹುಳಕ್ಕೆ ರೋಗ ತಗಲಬಾರದೆಂದು, ಕಾಲು ತೊಳೆಯದೆ ಯಾರೂ ಹುಳದ ಮನೆಗೆ ಕಾಲಿಡುವಂತಿಲ್ಲ. ಸರಿಯೇ. ಆದರೆ ಫುಟ್‌ಬಾಲ್ ಮೈದಾನಕ್ಕೆ? ನಮ್ಮ ಮಹಾಶಯ ಅಲ್ಲಿಗೂ ಕಾಲು ತೊಳೆದೇ ಇಳಿಯುತ್ತಿದ್ದ! ಒಮ್ಮೆ ರೆಫರಿಗೂ ಹೇಳಿದ: "ಸಾ, ನೀವೂ ಒಸಿ ಕಾಲು ತೊಳ್ಕಂಡ್ ಬನ್ನಿ." ಆಟ ಶುರುವಾಗುವ ಮೊದಲೇ ಹಳದಿ ಕಾರ್ಡು!

"ತಡ ಆಯ್ತು ಕಣ್ಲಾ" ಎಂದು ನಾನು ವಾಚು ತೋರಿಸಿದರೆ, "ಒಂದು ಗೋಲು ಜಾಸ್ತಿ ಹೊಡೀತೀನಿ ಬುಡ್ಲಾ" ಎನ್ನುತ್ತಿದ್ದ. ಹೊಡೆಯುತ್ತಿದ್ದ ಕೂಡ!

ಚನ್ನಪಟ್ಟಣದವರ ಮೇಲೆ ಫೈನಲ್. ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವವರು ಅವನನ್ನು ನೋಡಲೆಂದೇ ಬಂದಿದ್ದರು. ಮೊದಲರ್ಧದಲ್ಲೇ ಎರಡು ಗೋಲು ಹೊಡೆದ. ವಿರಾಮದಲ್ಲಿ ಅವನ ಊರಿನವರೊಬ್ಬರು ಬಂದು ಕಿವಿಯಲ್ಲಿ ಏನೋ ಹೇಳಿದರು. ಇವನು ಸೈಕಲ್ ಹತ್ತಿದ!

"ಎಲ್ಲಿಗ್ಲಾ?"

"ಹುಳ ಹಣ್ಣಾಗವೆ ಕಣ್ಲಾ. ಈಗ್ಲೇ ಆರಿಸಿ ಗೂಡು ಕಟ್ಟಕ್ಕೆ ಬುಡ್ಬೇಕು."

"ನಲವತ್ತೈದು ನಿಮಿಷ ಕಾಯಕ್ಕೆ ಹೇಳ್ಲಾ ಅವಕ್ಕೆ!"

"ನೀನೇ ಬಂದು ವಾಚು ತೋರ್ಸು!"

ಹೊರಟೇ ಹೋದ. ನಾವು ಮೂರು ಗೋಲು ತಿಂದು ಸೋತೆವು. ಅವನನ್ನು ಯಾರೂ ಆರಿಸಲಿಲ್ಲ. ಅವನ ಫುಟ್‌ಬಾಲ್ ಅಲ್ಲಿಗೇ ಮುಗಿಯಿತು. ಮುಂದೆ ನಾನು ಅವನ ತಂಗಿಯನ್ನೇ ಮದುವೆಯಾದೆ. ಅಂದಿನಿಂದ ಪ್ರತಿ ಹಬ್ಬದೂಟದಲ್ಲೂ ಹಂಗಿಸಿದೆ: "ಹುಳಕ್ಕೆ ಫೈನಲ್ ಬಿಟ್ಟ ಭೂಪ!" ಅವನು ನಕ್ಕು ಇನ್ನೊಂದು ಒಬ್ಬಟ್ಟು ಹಾಕಿಸಿಕೊಳ್ಳುತ್ತಿದ್ದ.

ಹೋದ ತಿಂಗಳು ಮಾಗಡಿಯ ಶಾಲೆಯಲ್ಲಿ ನನ್ನ ಹೆಂಡತಿಗೆ ಬೀಳ್ಕೊಡುಗೆ. ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಿ. ಮೈಕಿನ ಮುಂದೆ ನಿಂತು ಹೇಳಿದಳು:

"ಅಣ್ಣನ ಫೈನಲ್ ಆದ ಮಾರನೇ ದಿನ ನನ್ನ ಪಿಯುಸಿ ಪರೀಕ್ಷೆ. ಅವ್ವನ್ನ ಆಸ್ಪತ್ರೆಗೆ ಸೇರ್ಸಿದ್ರು, ಅಪ್ಪ ಜೊತೇಲಿದ್ರು. ಮನೆ ತುಂಬ ಹಣ್ಣಾದ ಹುಳ, ನಾನೊಬ್ಬಳೇ. ಅಣ್ಣ ಆಟದ ಬಟ್ಟೇಲೇ ಬಂದು, 'ನೀನ್ ಹೋಗ್ ಓದ್ಕವ್ವ' ಅಂದ. ಯಾರಿಗೂ ಹೇಳ್ಬಾರ್ದು ಅಂತ ಆಣೆ ಹಾಕ್ಸ್ಕಂಡ. ಸೋತೋರು ನನ್ನ ಬೈತಾರಂತೆ."

ಸೋತವರ ನಾಯಕ ಮುಂದಿನ ಸಾಲಿನಲ್ಲೇ ತಲೆ ತಗ್ಗಿಸಿ ಕುಳಿತಿದ್ದ. ಪಕ್ಕದಲ್ಲಿ ಅವಳ ಅಣ್ಣನಿಗೆಂದು ಇಟ್ಟ ಕುರ್ಚಿ ಇನ್ನೂ ಖಾಲಿ. ಹೊರಗೆ ಬಂದು ನೋಡಿದೆ. ಶಾಲೆಯ ನಲ್ಲಿಯ ಕೆಳಗೆ ಅವನು ಕಾಲು ತೊಳೆಯುತ್ತಿದ್ದ.

"ಒಸಿ ತಡ ಆಯ್ತೇನ್ಲಾ?"

ನಾನು ವಾಚು ನೋಡಲಿಲ್ಲ. ಚಪ್ಪಲಿ ಬಿಟ್ಟು, ನನ್ನ ಕಾಲನ್ನೂ ನಲ್ಲಿಗೆ ಒಡ್ಡಿದೆ.