ಮಾತ್ರೆಗೆ ಕೊಟ್ಟ ಮಾರ್ಕ್ಸು

ಇಪ್ಪತ್ತಾರು ವರ್ಷ ಉತ್ತರಪತ್ರಿಕೆ ತಿದ್ದಿದ ಮನುಷ್ಯನಿಗೆ ಮಾರ್ಕ್ಸು ಹಾಕದೆ ಬಿಡುವಂಥದ್ದು ಲೋಕದಲ್ಲಿ ಏನೂ ಉಳಿಯುವುದಿಲ್ಲ. ಸಾಗರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಮದುವೆಮನೆಯ ಸಾರಿಗೂ ಮನಸ್ಸಿನಲ್ಲೇ ಅಂಕ ಕೊಟ್ಟು ಏಳುತ್ತೇನೆ. ಹೆಂಡತಿ ಸುಮಿತ್ರೆಯ ತಂಬುಳಿಗೆ ಮಾತ್ರ ಯಾವತ್ತೂ ಹತ್ತಕ್ಕೆ ಹತ್ತು. ಅದರಲ್ಲಿ ಕೃಪಾಂಕವೂ ಸೇರಿದೆ ಎಂದು ಅವಳಿಗೂ ಗೊತ್ತು.

ಈ ಚಾಳಿ ಈಚೆಗೆ ನನ್ನ ತಲೆಗೇ ಸಂಚಕಾರ ತಂದಿತ್ತು. ಎರಡು ತಿಂಗಳಿಂದ ಎಡಹಣೆಯಲ್ಲಿ ಶುರುವಾಗುವ ನೋವು ಕಣ್ಣಿನ ಹಿಂದಿನಿಂದ ಕೆನ್ನೆಗಿಳಿದು ದವಡೆಯಲ್ಲಿ ಠಿಕಾಣಿ ಹೂಡುತ್ತಿತ್ತು. ನಾನು ಮುಖ ಕಿವುಚಿಕೊಂಡು ನಿಂತರೆ ತರಗತಿ ತೆಪ್ಪಗಾಗುತ್ತಿತ್ತು ಎಂಬುದೊಂದೇ ಅನುಕೂಲ. ಕೊನೆಗೆ ಡಾಕ್ಟರ ಹತ್ತಿರ ಹೋದೆ. ಡಾಕ್ಟರೆಂದರೆ ಹೊಸನಗರದ ಕಡೆಯ ಮಂಜಪ್ಪ, ನನ್ನ ಹಳೆಯ ವಿದ್ಯಾರ್ಥಿ. ಒಂಬತ್ತನೇ ತರಗತಿಯಲ್ಲಿ ಹೂವಿನ ಭಾಗಗಳನ್ನು ಕೇಳಿದರೆ ಎಲೆಯ ಭಾಗಗಳನ್ನು ಬರೆದಿದ್ದ. ‘ಪ್ರಶ್ನೆ ಓದಿ ಉತ್ತರ ಬರಿ’ ಎಂದು ಕೆಂಪು ಶಾಯಿಯಲ್ಲಿ ಗೀಚಿ, ಅಪ್ಪನ ಸಹಿ ಹಾಕಿಸಿಕೊಂಡು ಬಾ ಎಂದು ಕಳಿಸಿದ್ದೆ.

“ಸಾರ್, ಇದು ಉರಿಯೂತ ಇಳಿಸೋ ಮಾತ್ರೆ. ಹತ್ತು ದಿನ ಊಟ ಆದ್ಮೇಲೆ ತಗಳಿ. ಇದಕ್ಕೆ ಬಗ್ಗಿದ್ರೆ ಇದು ಎಂಥ ತಲೆನೋವು ಅಂತ ಗೊತ್ತಾಗತ್ತೆ. ಬಗ್ಗದಿದ್ರೆ ಶಿವಮೊಗ್ಗದಲ್ಲಿ ತಲೆ ಸ್ಕ್ಯಾನ್ ಮಾಡಿಸ್ಬೇಕು. ದಿನಾ ಹತ್ತರಲ್ಲಿ ಎಷ್ಟು ಅಂತ ಬರ್ದಿಡಿ” ಎಂದರು ಮಂಜಪ್ಪ.

ಸ್ಕ್ಯಾನ್ ಎಂದರೆ ಕೊಳವೆಯೊಳಗೆ ಮಲಗಬೇಕು. ಮುಚ್ಚಿದ ಜಾಗವೆಂದರೆ ನನಗೆ ಜೀವ ಹೋಗುತ್ತದೆ. ಬಚ್ಚಲಿನ ಬಾಗಿಲಿಗೂ ಚಿಲಕ ಹಾಕದೆ, ಒಳಗಿದ್ದೇನೆ ಎಂದು ತಿಳಿಯಲಿಕ್ಕೆ ಹಾಡು ಹೇಳಿಕೊಳ್ಳುವವನು ನಾನು. ಹಾಗಾಗಿ ಮಾತ್ರೆಯ ಮೇಲೆ ಬಹಳ ಭರವಸೆ ಇಟ್ಟೆ. ಮೊದಲೆರಡು ದಿನ ಅದು ಏನೂ ಕೆಲಸ ಮಾಡಲಿಲ್ಲ, ಎರಡು ಅಂಕ ಕೊಟ್ಟೆ. ನಾಲ್ಕನೇ ದಿನ ದವಡೆ ಸಡಿಲವಾಯಿತು, ಐದು. ಎಂಟನೇ ದಿನ ಎಂಟು. ಹತ್ತನೇ ದಿನ ನೋವು ಪೂರ್ತಿ ಹೋಗಿತ್ತು. ಆದರೂ ಒಂಬತ್ತೇ ಹಾಕಿದೆ. ಪೂರ್ಣಾಂಕ ಕೊಟ್ಟರೆ ಉದಾಸೀನ ಬರುತ್ತದೆ.

ನಾನು ಅಂಕ ಬರೆದಿಟ್ಟಿದ್ದ ಪುಸ್ತಕ ನೋಡಿ ಮಂಜಪ್ಪ ಗಂಭೀರರಾದರು. “ಸಾರ್, ದಿನಾ ಏರ್ತಾನೇ ಹೋಗಿದೆ” ಎಂದು ಸ್ಕ್ಯಾನಿಗೆ ಚೀಟಿ ಬರೆದರು. ಆಗ ಹೊಳೆಯಿತು. ಅವರು ನೋವಿಗೆ ಅಂಕ ಕೇಳಿದ್ದರು, ನಾನು ಮಾತ್ರೆಗೆ ಕೊಟ್ಟಿದ್ದೆ. ಹೇಳಿಬಿಡಬಹುದಿತ್ತು. ಆದರೆ ಪ್ರಶ್ನೆಯನ್ನು ಸರಿಯಾಗಿ ಓದಿಕೊಳ್ಳಲಿಲ್ಲ ಎಂದು ಆ ಮಂಜಪ್ಪನೆದುರು ಹೇಗೆ ಹೇಳುವುದು? ಕೊಳವೆಯೇ ವಾಸಿ ಎನ್ನಿಸಿ ಚೀಟಿ ಮಡಚಿಕೊಂಡು ಹೊರಗೆ ಬಂದೆ.

ಹೊರಗೆ ಕೂತಿದ್ದ ಸುಮಿತ್ರೆ ಚೀಟಿ ಓದಿದಳು. “ಅಲ್ರೀ, ಬೆಳಿಗ್ಗೆ ನೋವೇ ಇಲ್ಲ ಅಂತ ಚಕ್ಲಿ ಕಡಿತಿದ್ರಿ. ಈಗ ಸ್ಕ್ಯಾನ್ ಎಂತಕ್ಕೆ?” ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಮೆಲ್ಲಗೆ ಇದ್ದದ್ದು ಹೇಳಿದೆ. ಅವಳು ಚೀಟಿ ಹಿಡಿದು ನೇರ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಮಂಜಪ್ಪ ಬಾಗಿಲಿಗೆ ಬಂದರು. ನಗಲಿಲ್ಲ, ಅದೇ ಕಷ್ಟವಾಯಿತು. ಚೀಟಿ ಹರಿದು, “ಸ್ಕ್ಯಾನ್ ಈಗ ಬೇಡ ಸಾರ್. ಮಾತ್ರೆ ಕಮ್ಮಿ ಮಾಡಿ ಇನ್ನೊಂದು ವಾರ ನೋಡಣ. ನೋವಿಲ್ದಿದ್ರೆ ಸೊನ್ನೆ ಬರೀರಿ. ದಿನಾ ಮನೆಯವ್ರ ಸಹಿ ಹಾಕಿಸ್ಕಂಡು ಬನ್ನಿ” ಎಂದರು.

ಈಗ ಸಂಜೆಯಾದರೆ ಪುಸ್ತಕ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತೇನೆ. ಸುಮಿತ್ರೆಗೆ ಅವಸರವಿಲ್ಲ. ಕೈ ಒರೆಸಿ, ಕನ್ನಡಕ ಹಾಕಿ, ಒಂದು ಚಕ್ಕುಲಿ ಕಡಿಸಿ ನೋಡಿಯೇ ಸಹಿ ಮಾಡುತ್ತಾಳೆ. ನಿನ್ನೆ ಸಹಿಯ ಕೆಳಗೆ ನನ್ನದೇ ಕೆಂಪು ಪೆನ್ನಿನಲ್ಲಿ ಒಂದು ಸಾಲನ್ನೂ ಸೇರಿಸಿದ್ದಳು: ‘ಹುಡುಗ ಸುಧಾರಿಸುತ್ತಿದ್ದಾನೆ.’